ಒಂದೇ ಅಂಕಿ, ಮೂರು ಕಾರಣ: ಒಂದು ಉದ್ದ ಶಾಫ್ಟ್‌ನ ಫಿನಿಶ್ ಪ್ರಕರಣ

ಲೇತ್ ಮೇಲೆ ಕೆಲಸ ಮಾಡುವವರಿಗೆ, ಟೂಲ್ ಆಯ್ಕೆ ಮಾಡುವವರಿಗೆ ಉಪಯೋಗ ಆಗಲಿ ಅಂತ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಎಲ್ಲಿ ನಡೆಯಿತು, ಯಾರ ಕೈಯಲ್ಲಿ ನಡೆಯಿತು ಅನ್ನುವುದನ್ನು ಬಿಟ್ಟಿದ್ದೇನೆ. ತೀರ್ಮಾನಗಳನ್ನು ಮಾತ್ರ, ತಪ್ಪಿದವನ್ನೂ ಸೇರಿಸಿ, ಇದ್ದ ಹಾಗೇ ಇಟ್ಟಿದ್ದೇನೆ.

ಶಾಫ್ಟ್ ನೋಡಲು ತುಂಬಾ ಸರಳ. ಸಿ45 ಉಕ್ಕು, ಅಂದರೆ ಶೇಕಡಾ 0.45ರಷ್ಟು ಇಂಗಾಲ ಇರುವ ಮಾಮೂಲಿ ಮಾಲು. 240 ಮಿ.ಮೀ. ಉದ್ದಕ್ಕೆ 20 ಮಿ.ಮೀ. ವ್ಯಾಸ. ಒಂದು ತುದಿಯಲ್ಲಿ 12 ಮಿ.ಮೀ. ವ್ಯಾಸದ ಚಿಕ್ಕ ಮೆಟ್ಟಿಲು, 18 ಮಿ.ಮೀ. ಉದ್ದ. ಅದರ ಮೇಲೆ ಬೇರಿಂಗ್ ಕೂರುತ್ತದೆ. ಸಿಎನ್‌ಸಿ ಲೇತ್‌ನಲ್ಲಿ ಒಂದು ಕಡೆ ಹಿಡಿದು ತಿರುಗಿಸುವ ಚಕ್, ಇನ್ನೊಂದು ಕಡೆ ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಸೆಂಟರ್. ಉದ್ದ ವ್ಯಾಸದ 12 ಪಟ್ಟು ಇರುವುದರಿಂದ ಶಾಫ್ಟ್ ನಡುವೆ ಬಾಗುವ ಸ್ವಭಾವದ್ದು. ಈ ಮಾತು ಮುಂದೆ ಬೇಕಾಗುತ್ತದೆ.

ಬಹಳ ದಿನ ಈ ಶಾಫ್ಟ್‌ಗೆ ಯಾವ ತಕರಾರೂ ಇರಲಿಲ್ಲ. 20 ಮಿ.ಮೀ. ಭಾಗಕ್ಕೆ ಡ್ರಾಯಿಂಗ್ ಕೇಳಿದ್ದು ಆರ್‌ಎ 6.3 ಮೈಕ್ರಾನ್. ಆರ್‌ಎ ಅಂದರೆ ಮೇಲ್ಮೈಯ ಏರಿಳಿತದ ಸರಾಸರಿ, ಅಂಕಿ ಚಿಕ್ಕದಾದಷ್ಟೂ ಮೇಲ್ಮೈ ನಯ. ನಂತರ ವಿನ್ಯಾಸ ಬದಲಾಯಿತು. ಆ ಭಾಗದ ಮೇಲೆ ಒಂದು ಕಂಚಿನ ಬುಷ್ ಜಾರಬೇಕಾಯಿತು. ಮಿತಿ 6.3ರಿಂದ 1.6ಕ್ಕೆ ಇಳಿಯಿತು. ಹಳೇ ಪ್ರೋಗ್ರಾಂ, ಹಳೇ ಟೂಲ್‌ನಲ್ಲೇ ಓಡಿಸಿ ಅಳೆದಾಗ ಬಂದದ್ದು 3.4.

ಆಗ ಬಳಸುತ್ತಿದ್ದ ಇನ್ಸರ್ಟ್ (ಹೋಲ್ಡರ್‌ಗೆ ಕೂರಿಸುವ, ಲೋಹ ಕಡಿಯುವ ಚಿಕ್ಕ ತುಂಡು) ಸಿಎನ್‌ಎಂಜಿ 120404. ಈ ಕೋಡ್‌ನ ಕೊನೆಯ ಎರಡು ಅಂಕಿ ನೋಸ್ ರೇಡಿಯಸ್, ಅಂದರೆ ಟೂಲ್‌ನ ಮೂಗು ಎಷ್ಟು ದುಂಡಗಿದೆ ಅನ್ನುವುದನ್ನು ಹೇಳುತ್ತವೆ: 04 ಅಂದರೆ 0.4 ಮಿ.ಮೀ., 08 ಅಂದರೆ 0.8, 12 ಅಂದರೆ 1.2. ಎರಡನೇ ಅಕ್ಷರ ‘ಎನ್’ ಇದ್ದರೆ ಇನ್ಸರ್ಟ್‌ನ ಪಕ್ಕಕ್ಕೆ ಕ್ಲಿಯರೆನ್ಸ್ ಕೋನ (ಪಕ್ಕ ಲೋಹಕ್ಕೆ ಉಜ್ಜದ ಹಾಗೆ ಬಿಡುವ ಓರೆ) ಸೊನ್ನೆ. ಹಾಗಾಗಿ ಹೋಲ್ಡರ್ ಅದನ್ನು ಮುಂದಕ್ಕೆ ಸುಮಾರು 6 ಡಿಗ್ರಿ ಬಾಗಿಸಿ ಹಿಡಿಯುತ್ತದೆ. ಇದನ್ನೇ ನೆಗೆಟಿವ್ ಇನ್ಸರ್ಟ್ ಅನ್ನುತ್ತಾರೆ. ಅಂಚು ಗಟ್ಟಿ, ಎರಡೂ ಮುಖ ಬಳಸಬಹುದು, ಆದರೆ ಲೋಹವನ್ನು ಜಾಸ್ತಿ ಒತ್ತುತ್ತದೆ. ಸ್ಪಿಂಡಲ್ ನಿಮಿಷಕ್ಕೆ 2800 ಸುತ್ತು, ಫೀಡ್ (ಟೂಲ್ ಮುಂದೆ ಸಾಗುವ ದೂರ) ಸುತ್ತಿಗೆ 0.2 ಮಿ.ಮೀ., ಫಿನಿಶ್ ಪಾಸ್‌ನಲ್ಲಿ (ಕೊನೆಯ ನಯ ಕಡಿತದಲ್ಲಿ) ಕಡಿತದ ಆಳ 0.3 ಮಿ.ಮೀ. ಬೇರಿಂಗ್ ಸೀಟನ್ನು ಮಾತ್ರ ಮೊದಲಿನಿಂದಲೂ 0.1 ಫೀಡ್‌ನಲ್ಲಿ ಮಾಡುತ್ತಿದ್ದರು. ಅದು ಯಾವಾಗಲೂ ಪಾಸ್.

ನನ್ನನ್ನು ಕರೆಯುವ ಮೊದಲು ಅಲ್ಲಿ ಕೆಲವು ದಿನ ಪ್ರಯತ್ನ ನಡೆದಿತ್ತು. ಕೂಲಂಟ್ ಬದಲಿಸಿದ್ದರು. ಹೊಸ ಕೋಟಿಂಗ್‌ನ ಇನ್ಸರ್ಟ್ ತಂದಿದ್ದರು. ಸ್ಪೀಡ್ ಏರಿಸಿ ನೋಡಿದ್ದರು. ಆರ್‌ಎ 3.3 ಮತ್ತು 3.5ರ ನಡುವೆ ಆಡುತ್ತಿತ್ತೇ ಹೊರತು ಇಳಿಯಲಿಲ್ಲ. ಫೀಡ್ ಅನ್ನು 0.12ಕ್ಕೆ ಇಳಿಸಿದಾಗ ಒಂದೆರಡು ಜಾಗದಲ್ಲಿ 1.4 ಬಂತು. ಆದರೆ ಆ ಇನ್ಸರ್ಟ್‌ನ ಚಿಪ್‌ಬ್ರೇಕರ್ (ಕಡಿದು ಬರುವ ಲೋಹದ ಸಿಪ್ಪೆಯನ್ನು, ಅಂದರೆ ಚಿಪ್ ಅನ್ನು, ಮುರಿಯುವ ತೋಡು) ದಪ್ಪ ಚಿಪ್‌ಗೆ ಅಂತ ಮಾಡಿದ್ದು. ತೆಳ್ಳಗಿನ ಚಿಪ್ ಅದರಲ್ಲಿ ಮುರಿಯಲಿಲ್ಲ. ದಾರದ ಹಾಗೆ ಉದ್ದಕ್ಕೆ ಬಂದು ಶಾಫ್ಟ್‌ಗೆ ಸುತ್ತಿಕೊಂಡಿತು, ಆಗಷ್ಟೇ ಮಾಡಿದ ಮೇಲ್ಮೈಯನ್ನೇ ಗೀಚಿತು. ಅದನ್ನು ಅಲ್ಲಿಗೇ ಬಿಟ್ಟರು.

ನಾನು ಮೊದಲು ಮಾಡಿದ್ದು ಒಂದು ಹತ್ತು ಪಟ್ಟಿನ ಲೆನ್ಸ್ ಹಿಡಿದು ಶಾಫ್ಟ್ ನೋಡಿದ್ದು. ಗೆರೆಗಳು ನೀಟಾಗಿದ್ದವು. ಒಂದೇ ಅಂತರ, ಒಂದೇ ಆಳ, ಮಿಲಿಮೀಟರಿಗೆ ಐದು. 0.2 ಫೀಡ್ ಅಂದರೆ ಸರಿಯಾಗಿ ಐದು ಗೆರೆ ಬರಬೇಕು, ಅಲ್ವಾ? ಅಂದರೆ ಕಾಣುತ್ತಿರುವುದು ಯಾವ ದೋಷವೂ ಅಲ್ಲ. ಟೂಲ್‌ನ ಮೂಗು ಪ್ರತಿ ಸುತ್ತಿಗೂ ತನ್ನ ಆಕಾರವನ್ನೇ ಅಚ್ಚು ಒತ್ತಿ ಮುಂದೆ ಹೋಗಿದೆ, ಅಷ್ಟೆ.

ಆ ಅಚ್ಚಿನ ಆಳವನ್ನು ಲೆಕ್ಕ ಹಾಕಬಹುದು. ಫೀಡ್‌ನ ವರ್ಗವನ್ನು ನೋಸ್ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದರೆ ಗೆರೆಯ ತುದಿಯಿಂದ ತಳದವರೆಗಿನ ಎತ್ತರ ಸಿಗುತ್ತದೆ. ಎಂಟರ ಬದಲು ಸುಮಾರು 32ರಿಂದ ಭಾಗಿಸಿದರೆ ಆರ್‌ಎ. ಇಲ್ಲಿ ಎತ್ತರ 12.5 ಮೈಕ್ರಾನ್, ಆರ್‌ಎ ಸುಮಾರು 3.1. ಅಳೆದದ್ದು 3.4. ನಿಜವಾದ ಮೇಲ್ಮೈ ಲೆಕ್ಕಕ್ಕಿಂತ ಸ್ವಲ್ಪ ಒರಟಾಗಿಯೇ ಇರುತ್ತದೆ. ಯಾಕೆಂದರೆ ಲೆಕ್ಕದಲ್ಲಿ ಸವೆತ ಇಲ್ಲ, ಕಂಪನ ಇಲ್ಲ, ಲೋಹ ಪಕ್ಕಕ್ಕೆ ಹರಿಯುವುದೂ ಇಲ್ಲ. ಹಾಗಿರುವಾಗ 3.1ರ ಎದುರು 3.4 ಬರುವುದು ಚೆನ್ನಾಗಿ ಓಡುತ್ತಿರುವ ಮಷೀನ್‌ನ ಲಕ್ಷಣ. ಈ ಫೀಡ್, ಈ ಮೂಗು ಇರುವವರೆಗೂ ಯಾವ ಕೂಲಂಟ್ ಹಾಕಿದರೂ 3.1ರ ಕೆಳಗೆ ಹೋಗುವ ದಾರಿಯೇ ಇರಲಿಲ್ಲ. ಆ ಸೂತ್ರದಲ್ಲಿ ಸ್ಪೀಡ್ ಇಲ್ಲ, ಕೂಲಂಟ್ ಇಲ್ಲ, ಕೋಟಿಂಗ್ ಇಲ್ಲ.

ಇಲ್ಲಿ ನಾವು ಮೊದಲ ತಪ್ಪು ಮಾಡಿದೆವು. ‘ನಾವು’ ಅಂದರೆ ನಾನೂ ಸೇರಿ. ರೇಡಿಯಸ್ ದೊಡ್ಡದಾದಷ್ಟೂ ಫಿನಿಶ್ ಚೆನ್ನ ಅಂತ ಸೂತ್ರ ಹೇಳುತ್ತದೆ. ಹಾಗಾದರೆ ನೇರ 1.2ಕ್ಕೇ ಹೋಗೋಣ ಅಂದುಕೊಂಡೆವು. ಅದೇ ಹೋಲ್ಡರ್, ಅದೇ 0.2 ಫೀಡ್, ಸೈಕಲ್ ಸಮಯದಲ್ಲಿ ಒಂದು ಸೆಕೆಂಡೂ ನಷ್ಟ ಇಲ್ಲ, ಕಾಗದದ ಮೇಲೆ ಆರ್‌ಎ 1.04. ಬೇರೆ ಏನು ಬೇಕು ಅನ್ನಿಸಿತು.

ಮೊದಲ ಶಾಫ್ಟ್ ಅರ್ಧಕ್ಕೆ ಬರುವಷ್ಟರಲ್ಲಿ ಮಷೀನ್ ಕೂಗಲು ಶುರುವಾಯಿತು. ಚಾಟರ್, ಅಂದರೆ ಕಡಿಯುವಾಗ ಟೂಲ್ ಮತ್ತು ಶಾಫ್ಟ್ ನಡುಗುವುದು. ಟೇಲ್‌ಸ್ಟಾಕ್ ತುದಿಯಲ್ಲಿ ಅಳೆದರೆ 1.3. ನಡುವೆ ಅಳೆದರೆ 3.6. ಮೀಟರ್ ತೋರಿಸುತ್ತಿದ್ದುದು ಹೆಚ್ಚುಕಡಿಮೆ ಹಳೆಯ ಅಂಕಿಯನ್ನೇ. ಯಾರೋ ‘ಏನೂ ಬದಲಾಗಲಿಲ್ಲ’ ಅಂದರು. ಆದರೆ ಲೆನ್ಸ್‌ನಲ್ಲಿ ನೋಡಿದರೆ ಎಲ್ಲವೂ ಬದಲಾಗಿತ್ತು. ಐದೈದು ಗೆರೆಗಳ ಶಿಸ್ತು ಹೋಗಿತ್ತು. ಓರೆಯಾಗಿ ಹಾಯುವ ಅಲೆಗಳು, ಬೆಳಕಿಗೆ ಹಿಡಿದರೆ ಮೀನಿನ ಹುರುಪೆಯಂಥ ಮಿನುಗು.

ತಕ್ಷಣಕ್ಕೆ ಮಾಡಿದ ಉಪಾಯ ಎಲ್ಲರೂ ಮಾಡುವಂಥದ್ದೇ: ಸ್ಪೀಡ್ ಇಳಿಸಿದೆವು. 2800ರಿಂದ 2000, ಅಲ್ಲಿಂದ 1200. ಕೂಗು ಕಡಿಮೆಯಾಯಿತು, ನಿಲ್ಲಲಿಲ್ಲ. ನಡುವಿನ ಆರ್‌ಎ 2.1ಕ್ಕೆ ಬಂತು. ಅದೂ ಫೇಲ್. 1200 ಅನ್ನುವ ಆ ಅಂಕಿ ಪ್ರೋಗ್ರಾಂನಲ್ಲಿ ಹಾಗೇ ಉಳಿಯಿತು. ಅದನ್ನು ನೆನಪಿಡಿ.

ಅದೇ ಹೊತ್ತಿಗೆ ಜೋಡಣೆ ಮಾಡುವವರು ಒಂದು ಶಾಫ್ಟ್ ವಾಪಸ್ ತಂದರು. ಬೇರಿಂಗ್ ಕೊನೆಯವರೆಗೂ ಹೋಗಿ ಕೂರುತ್ತಿಲ್ಲ, ಭುಜಕ್ಕೆ (ಮೆಟ್ಟಿಲು ದಪ್ಪ ಭಾಗವನ್ನು ಸೇರುವ ಅಡ್ಡ ಮುಖಕ್ಕೆ) ತಾಗುವ ಮೊದಲೇ ನಿಲ್ಲುತ್ತಿದೆ ಅಂದರು. ಡ್ರಾಯಿಂಗ್ ತೆಗೆದು ನೋಡಿದೆವು. ಮೆಟ್ಟಿಲಿನ ಮೂಲೆಯ ರೇಡಿಯಸ್ 0.6 ಮಿ.ಮೀ. ಮೀರಬಾರದು ಅಂತ ಸ್ಪಷ್ಟವಾಗಿ ಬರೆದಿತ್ತು. 1.2 ಮೂಗಿನ ಟೂಲ್ ಒಳಮೂಲೆಯಲ್ಲಿ 1.2ಕ್ಕಿಂತ ಚಿಕ್ಕ ರೇಡಿಯಸ್ ಬಿಡುವುದು ಸಾಧ್ಯವೇ ಇಲ್ಲ. ಬೇರಿಂಗ್‌ನ ಒಳ ರಿಂಗ್ ಆ ಗುಂಡು ಮೂಲೆಯ ಮೇಲೆ ಹತ್ತಿ ನಿಂತಿತ್ತು.

ನನಗೆ ಈ ಘಟ್ಟ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. 0.4 ಇನ್ಸರ್ಟ್ ಅಲ್ಲಿ ಸುಮ್ನೆ ಇರಲಿಲ್ಲ. ಹಿಂದೆ ಯಾರೋ ಈ ಮೂಲೆಯನ್ನು ಯೋಚಿಸಿಯೇ ಅದನ್ನು ಆರಿಸಿದ್ದರು. ಆದರೆ ಕಾರಣವನ್ನು ಪ್ರೋಸೆಸ್ ಶೀಟ್‌ನಲ್ಲಿ ಬರೆದಿರಲಿಲ್ಲ. ನಾವೂ ಕೇಳಲಿಲ್ಲ. ಬದಲಾಯಿಸುವ ಮೊದಲು ‘ಇದು ಯಾಕೆ ಹೀಗಿದೆ’ ಅಂತ ಕೇಳಲು ಎರಡು ನಿಮಿಷ ಸಾಕಿತ್ತು.

ಪ್ರಕರಣದ ನಿಜವಾದ ತಿರುವು ಮರುದಿನ ಬಂತು. ಅದಕ್ಕೆ ಕಾರಣ ಮಷೀನ್ ಓಡಿಸುತ್ತಿದ್ದ ಆಪರೇಟರ್. ಅವರು ಎರಡು ಸಂಗತಿ ಗಮನಿಸಿದ್ದರು. ಒಂದು, ಶಾಫ್ಟ್‌ನ ನಡುವಿನ ವ್ಯಾಸ ತುದಿಗಳಿಗಿಂತ 0.03 ಮಿ.ಮೀ. ದಪ್ಪ ಬರುತ್ತಿದೆ. ಎರಡು, ಚಿಪ್ ಹಕ್ಕಿಯ ಪುಕ್ಕದ ಹಾಗೆ ತೆಳ್ಳಗೆ, ಅಗಲವಾಗಿ ಬರುತ್ತಿದೆ. ‘ಇದು ಕಡೀತಿಲ್ಲ, ಉಜ್ಜುತ್ತಿದೆ. ಆಳ ಜಾಸ್ತಿ ಕೊಡೋಣ’ ಅಂದರು.

ಚಾಟರ್ ಬಂದಾಗ ಆಳ ಹೆಚ್ಚಿಸುವುದು ನಮ್ಮ ಅಭ್ಯಾಸಕ್ಕೆ ವಿರುದ್ಧ. ಎಲ್ಲರ ಕೈಯೂ ಆಳ ಕಡಿಮೆ ಮಾಡುವ ಕಡೆಗೇ ಹೋಗುತ್ತದೆ. ಆದರೆ ಚಿತ್ರ ಬಿಡಿಸಿ ನೋಡಿದಾಗ ಅವರ ಮಾತು ಸರಿ ಅನ್ನಿಸಿತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರಕರಣದ ಜೀವ ಇಲ್ಲಿದೆ.

ಹೋಲ್ಡರ್‌ನ ಮೇಲೆ 95 ಡಿಗ್ರಿ ಅಂತ ಬರೆದಿರುತ್ತದೆ. ಅದು ಇನ್ಸರ್ಟ್‌ನ ನೇರ ಅಂಚು ಶಾಫ್ಟ್‌ನ ಅಕ್ಷದ ಜೊತೆ ಮಾಡುವ ಕೋನ. ಅಂಚು ಹೀಗೆ ಲಂಬವಾಗಿ ನಿಂತರೆ ಟೂಲ್ ತಳ್ಳುವ ಒತ್ತಡ ಅಡ್ಡಡ್ಡಕ್ಕಿಂತ ಹೆಚ್ಚಾಗಿ ಅಕ್ಷದ ಉದ್ದಕ್ಕೆ, ಚಕ್ ಕಡೆಗೆ ಹೋಗುತ್ತದೆ. ಆ ದಿಕ್ಕಿನಲ್ಲಿ ಶಾಫ್ಟ್ ಗಟ್ಟಿ. ಆದರೆ ನಮ್ಮ ಆಳ 0.3, ಮೂಗು 1.2. ಅಂದರೆ ನೇರ ಅಂಚು ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ. ಕೆಲಸ ಪೂರ್ತಿ ಮೂಗಿನ ಬಾಗಿದ ಭಾಗದ ತಳದಲ್ಲೇ ನಡೆಯುತ್ತಿತ್ತು. ಅಲ್ಲಿ ಅಂಚಿನ ಕೋನ ತಳದಲ್ಲಿ ಸೊನ್ನೆ, ಮೇಲಕ್ಕೆ ಬಂದಂತೆ ಹೆಚ್ಚೆಂದರೆ 41 ಡಿಗ್ರಿ. ಕೋನ ಇಷ್ಟು ಮಲಗಿದಾಗ ಒತ್ತಡ ಅಕ್ಷದ ಉದ್ದಕ್ಕೆ ಹೋಗದೆ ಅಡ್ಡಡ್ಡ ತಿರುಗುತ್ತದೆ. ಟೂಲ್ ಶಾಫ್ಟ್ ಅನ್ನು ಆಚೆ ತಳ್ಳುತ್ತದೆ. ನಡುವೆ ಶಾಫ್ಟ್ ಬಾಗುತ್ತದೆ, ಅಲ್ಲಿ ಲೋಹ ಕಡಿಮೆ ಕಡಿಯುತ್ತದೆ, ವ್ಯಾಸ ದಪ್ಪ ಉಳಿಯುತ್ತದೆ. ಬಾಗಿದ್ದು ಮತ್ತೆ ವಾಪಸ್ ಬರಲು ನೋಡುತ್ತದೆ, ಟೂಲ್ ಮತ್ತೆ ತಳ್ಳುತ್ತದೆ, ಕೂಗು ಹುಟ್ಟುತ್ತದೆ. 0.03 ಮಿ.ಮೀ. ದಪ್ಪ, ಪುಕ್ಕದಂಥ ಚಿಪ್, ಚಾಟರ್ ಮೂರೂ ಒಂದೇ ಕಥೆ ಹೇಳುತ್ತಿದ್ದವು.

ಹಳೆಯ 0.4 ಟೂಲ್ ಅದೇ 0.3 ಆಳದಲ್ಲಿ ಯಾಕೆ ಕೂಗಲಿಲ್ಲ? ಅಲ್ಲಿ ಅಂಚಿನ ಕೋನ ಮೇಲ್ಭಾಗದಲ್ಲಿ 75 ಡಿಗ್ರಿ ದಾಟುತ್ತದೆ. ಆಳ ಮೂಗಿನ ಮುಕ್ಕಾಲು ಭಾಗ ಇತ್ತು. ಲೆಕ್ಕ ನಿಂತಿರುವುದು ಆಳಕ್ಕೂ ಮೂಗಿಗೂ ಇರುವ ಅನುಪಾತದ ಮೇಲೆ. ಮೂಗನ್ನು 0.8ಕ್ಕೆ ಏರಿಸಿದರೆ ಆಳವನ್ನು 0.6ಕ್ಕೆ ಏರಿಸಬೇಕು. ಆಗ ಹಳೆಯ ಕೋನವೇ ಮತ್ತೆ ಸಿಗುತ್ತದೆ. ಫಿನಿಶ್ ಪಾಸ್‌ನ ಆಳ ನೋಸ್ ರೇಡಿಯಸ್‌ನ ಮೂರನೇ ಎರಡು ಭಾಗಕ್ಕಿಂತ ಕಡಿಮೆ ಇರಬಾರದು ಅಂತ ಅನುಭವಿಗಳು ಹೇಳುವುದರ ಹಿಂದೆ ಇರುವುದು ಇದೇ.

ಇನ್ನೊಂದು ತೊಡಕು ಉಳಿಯಿತು. ಆಳ ಎರಡು ಪಟ್ಟಾದರೆ ಒಟ್ಟು ಒತ್ತಡವೂ ಏರುತ್ತದೆ, ದಿಕ್ಕು ಸರಿ ಇದ್ದರೂ. ಅದನ್ನು ಇಳಿಸಲು ರೇಕ್ ಕೋನಕ್ಕೆ, ಅಂದರೆ ಚಿಪ್ ಜಾರುವ ಮುಖದ ಓರೆಗೆ, ಕೈ ಹಾಕಿದೆವು. ನೆಗೆಟಿವ್ ಹೋಲ್ಡರ್ ತೆಗೆದು 93 ಡಿಗ್ರಿಯ ಇನ್ನೊಂದು ಹೋಲ್ಡರ್‌ನಲ್ಲಿ ಡಿಸಿಎಂಟಿ 11ಟಿ308 ಹಾಕಿದೆವು. ಇಲ್ಲಿ ಎರಡನೇ ಅಕ್ಷರ ‘ಸಿ’, ಅಂದರೆ ಇನ್ಸರ್ಟ್‌ಗೇ 7 ಡಿಗ್ರಿ ಕ್ಲಿಯರೆನ್ಸ್ ಇದೆ. ಅದನ್ನು ಬಾಗಿಸಿ ಹಿಡಿಯಬೇಕಿಲ್ಲ. ಅಂಚು ಚೂಪು, ರೇಕ್ ಪಾಸಿಟಿವ್, ಲೋಹವನ್ನು ಒತ್ತುವುದಕ್ಕಿಂತ ಸುಲಿದ ಹಾಗೆ ತೆಗೆಯುತ್ತದೆ. ಗಟ್ಟಿತನ ಕಡಿಮೆ, ಅದು ನಿಜ. ಆದರೆ ಅಡೆತಡೆ ಇಲ್ಲದ ಫಿನಿಶ್ ಪಾಸ್‌ಗೆ ಆ ಗಟ್ಟಿತನ ಬೇಕಾಗಿರಲಿಲ್ಲ.

ವೈಪರ್ ಇನ್ಸರ್ಟ್ ಯಾಕೆ ಬೇಡ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮೂಗಿನ ಹಿಂದೆ ಸ್ವಲ್ಪ ಚಪ್ಪಟೆ ಅಂಚು ಇರುವ ಆ ಇನ್ಸರ್ಟ್ ಗೆರೆಗಳನ್ನು ಒರೆಸಿದ ಹಾಗೆ ಮಾಡುತ್ತದೆ, ಎರಡು ಪಟ್ಟು ಫೀಡ್‌ನಲ್ಲೂ ಅದೇ ಫಿನಿಶ್ ಕೊಡುತ್ತದೆ. ದಪ್ಪ, ಗಿಡ್ಡ ಕೆಲಸಕ್ಕೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಆ ಚಪ್ಪಟೆ ಅಂಚು ಶಾಫ್ಟ್‌ಗೆ ಅಡ್ಡಡ್ಡ ಒತ್ತುತ್ತದೆ. ನಾವು ತಪ್ಪಿಸಿಕೊಳ್ಳಲು ಹೊರಟಿದ್ದೇ ಆ ಒತ್ತಡದಿಂದ.

ಫೀಡ್ 0.2ರಲ್ಲೇ ಇಟ್ಟಿದ್ದರೆ 0.8 ಮೂಗಿಗೆ ಲೆಕ್ಕದ ಆರ್‌ಎ 1.56. ಮಿತಿ 1.6. ಅಷ್ಟು ಹತ್ತಿರ ನಿಲ್ಲುವುದು ಸರಿಯಲ್ಲ, ಇನ್ಸರ್ಟ್ ಸ್ವಲ್ಪ ಸವೆದರೂ ಫೇಲ್. 0.16 ಅಂತ ತೀರ್ಮಾನಿಸಿದೆವು, ಲೆಕ್ಕದಲ್ಲಿ 1.0. ಮೂಲೆಯ ಸಮಸ್ಯೆಗೆ ಬೇರಿಂಗ್ ಸೀಟು ಮತ್ತು ಭುಜವನ್ನು ಬೇರೆ ಟೂಲ್‌ಗೆ ಕೊಟ್ಟೆವು: ಅದೇ ಜಾತಿಯ 11ಟಿ304, ಫೀಡ್ 0.1. ರಫಿಂಗ್ (ಮೊದಲ ಒರಟು ಕಡಿತದ) ಪ್ರೋಗ್ರಾಂ ತಿದ್ದಿ ಫಿನಿಶ್‌ಗೆ ವ್ಯಾಸದಲ್ಲಿ 0.6ರ ಬದಲು 1.2 ಮಿ.ಮೀ. ಬಿಟ್ಟೆವು.

ಮಷೀನ್ ಕೂಗಲಿಲ್ಲ. ಶಾಫ್ಟ್ ಉದ್ದಕ್ಕೂ ಆರ್‌ಎ 1.3, ನಡುವೆಯೂ ಅಷ್ಟೇ. ಚಿಪ್ ಚಿಕ್ಕ ಸುರುಳಿಯಾಗಿ ಮುರಿದು ಬೀಳುತ್ತಿತ್ತು. ವ್ಯಾಸದ ವ್ಯತ್ಯಾಸ 0.01ರ ಒಳಗೆ ಬಂತು. ಎಲ್ಲರಿಗೂ ನಿರಾಳ.

ಮಧ್ಯಾಹ್ನದ ಹೊತ್ತಿಗೆ ತಪಾಸಣೆಯಿಂದ ಹೇಳಿ ಕಳಿಸಿದರು: ಬೇರಿಂಗ್ ಸೀಟ್ ಫೇಲ್, ಆರ್‌ಎ 3.3. ಇಷ್ಟು ದಿನ ಯಾವತ್ತೂ ತಕರಾರು ಬಾರದಿದ್ದ ಜಾಗ ಅದು. 0.4 ಮೂಗು, 0.1 ಫೀಡ್, ಲೆಕ್ಕದಲ್ಲಿ 0.8 ಬರಬೇಕು.

ಮೀಟರ್ ಮೂರನೇ ಸಲ ಸುಮಾರು ಅದೇ ಅಂಕಿ ತೋರಿಸಿತ್ತು. ಮತ್ತೆ ಲೆನ್ಸ್ ತೆಗೆದೆ. ಈ ಸಲ ನೀಟಾದ ಗೆರೆ ಇಲ್ಲ, ಅಲೆಯೂ ಇಲ್ಲ. ಮೇಲ್ಮೈ ಮಂಕಾಗಿತ್ತು, ಅಲ್ಲಲ್ಲಿ ಹರಿದ ಹಾಗೆ, ಚಿಕ್ಕ ಚಿಕ್ಕ ಹುರುಪೆಗಳು ಮೆತ್ತಿಕೊಂಡ ಹಾಗೆ. ಇನ್ಸರ್ಟ್ ಬಿಚ್ಚಿ ನೋಡಿದರೆ ಮೂಗಿನ ತುದಿಯಲ್ಲಿ ಹೊಳೆಯುವ ಒಂದು ಪುಟ್ಟ ಲೋಹದ ಗಂಟು. ಬಿಲ್ಟ್ ಅಪ್ ಎಡ್ಜ್. ಕಡಿಯುವ ವೇಗ ಕಡಿಮೆ ಇದ್ದಾಗ ಇಂಥ ಉಕ್ಕು ಅಂಚಿಗೆ ಅಂಟಿಕೊಂಡು ಬೆಳೆಯುತ್ತದೆ. ಆಮೇಲೆ ಕಡಿಯುವುದು ನಾವು ಕೊಂಡು ತಂದ ಟೂಲ್‌ನ ಆಕಾರ ಅಲ್ಲ, ಆ ಗಂಟಿನ ಆಕಾರ. ಅದು ಬೆಳೆಯುತ್ತದೆ, ಮುರಿಯುತ್ತದೆ, ಮುರಿದ ಚೂರು ಶಾಫ್ಟ್‌ಗೆ ಮೆತ್ತಿಕೊಳ್ಳುತ್ತದೆ. ನಾವು ಎಷ್ಟೇ ಯೋಚಿಸಿ ಆರಿಸಿದ ಕೋನವಾದರೂ ಆ ಗಂಟಿನ ಕೆಳಗೆ ಹೂತುಹೋಗುತ್ತದೆ.

ವೇಗ ಯಾಕೆ ಕಡಿಮೆ ಇತ್ತು? 1200. ಚಾಟರ್ ಜೊತೆ ಹೋರಾಡುವಾಗ ಹಾಕಿದ ಅಂಕಿ. ಚಾಟರ್‌ಗೆ ಬೇರೆ ಮದ್ದು ಸಿಕ್ಕ ಮೇಲೂ ಅದನ್ನು ಯಾರೂ ತೆಗೆದಿರಲಿಲ್ಲ. 20 ಮಿ.ಮೀ. ವ್ಯಾಸದಲ್ಲಿ 1200 ಸುತ್ತು ಅಂದರೆ ಕಡಿಯುವ ವೇಗ ನಿಮಿಷಕ್ಕೆ 75 ಮೀಟರ್, ಹೇಗೋ ಓಡಿತು. 12 ಮಿ.ಮೀ. ವ್ಯಾಸದಲ್ಲಿ ಅದೇ ಸುತ್ತಿಗೆ ಬರೀ 45 ಮೀಟರ್. ಗಂಟು ಕಟ್ಟಲು ಹೇಳಿ ಮಾಡಿಸಿದ ವೇಗ. 1.2 ಇನ್ಸರ್ಟ್ ಓಡಿಸುವಾಗಲೂ ಇದು ಆಗಿರಬಹುದು. ಆ ಶಾಫ್ಟ್‌ಗಳು ಹೇಗೂ ಮೂಲೆಯಿಂದಾಗಿ ತಿರಸ್ಕೃತವಾಗಿದ್ದವು, ಸೀಟನ್ನು ಯಾರೂ ಅಳೆಯಲಿಲ್ಲ.

2800ಕ್ಕೆ ವಾಪಸ್ ಹೋಗಲು ಎಲ್ಲರಿಗೂ ಭಯ ಇತ್ತು. ಮತ್ತೆ ಕೂಗಿದರೆ? ಒಂದೇ ಶಾಫ್ಟ್ ಹಾಕಿ, ಕೈಯನ್ನು ಫೀಡ್ ಹೋಲ್ಡ್ ಬಟನ್ ಮೇಲಿಟ್ಟು ಓಡಿಸಿದೆವು. ಕೂಗಲಿಲ್ಲ. ಸ್ಪೀಡ್ ಇಳಿಸಿದ್ದು ಮೊದಲಿಂದಲೂ ನೋವಿಗೆ ಮುಲಾಮು ಹಚ್ಚಿದ ಹಾಗೆ ಅಷ್ಟೆ. ರೋಗ ಇದ್ದದ್ದು ಆಳಕ್ಕೂ ಮೂಗಿಗೂ ಇರುವ ಅನುಪಾತದಲ್ಲಿ. ಸೀಟ್‌ನಲ್ಲಿ ಈಗ ವೇಗ 105 ಮೀಟರ್, ಆರ್‌ಎ 0.9. ಉದ್ದ ಭಾಗದಲ್ಲಿ 176 ಮೀಟರ್, ಆರ್‌ಎ 1.2.

ಸಮಯದ ಲೆಕ್ಕವನ್ನೂ ಹೇಳಬೇಕು. ಹಳೆಯ 0.2 ಫೀಡ್‌ನಲ್ಲಿ ಉದ್ದ ಭಾಗದ ಫಿನಿಶ್ ಪಾಸ್‌ಗೆ 26 ಸೆಕೆಂಡ್ ಆಗುತ್ತಿತ್ತು. ಈಗ 32. ಜೊತೆಗೆ ಒಂದು ಟೂಲ್ ಬದಲಾವಣೆ. ಹಳೆಯ ಮೂಗಿನಲ್ಲೇ ಫೀಡ್ 0.12ಕ್ಕೆ ಇಳಿಸಿದ್ದರೆ 43 ಆಗುತ್ತಿತ್ತು, ಚಿಪ್ ದಾರದ ಕಾಟ ಬೇರೆ. ಮರೆತ 1200ರಲ್ಲೇ ಬಿಟ್ಟಿದ್ದರೆ 75.

ಇನ್ನೊಮ್ಮೆ ಇಂಥ ಕೆಲಸ ಬಂದರೆ ನಾನು ಮೊದಲು ಬದಲಿಸುವುದು ಅಳೆಯುವ ರೀತಿಯನ್ನು. 3.4, 3.6, 3.3 ಮೂರನ್ನೂ ಒಂದೇ ಕಾಲಂನಲ್ಲಿ ಬರೆದರೆ ಒಂದೇ ಕಾಯಿಲೆ ಅನ್ನಿಸುತ್ತದೆ. ಆರ್‌ಎ ಒಂದು ಸರಾಸರಿ. ಏರಿಳಿತ ಎಷ್ಟು ಅನ್ನುತ್ತದೆ, ಎಂಥದ್ದು ಅನ್ನುವುದಿಲ್ಲ. ಸಮಾನ ಅಂತರದ ಗೆರೆ ಕಂಡರೆ ಫೀಡ್ ಮತ್ತು ಮೂಗಿನ ಲೆಕ್ಕ ಹಾಕಬೇಕು. ಓರೆ ಅಲೆ ಕಂಡರೆ ಒತ್ತಡ ಯಾವ ಕಡೆ ಹೋಗುತ್ತಿದೆ ಅಂತ ನೋಡಬೇಕು. ಹರಿದ ಮಂಕು ಮೇಲ್ಮೈ ಕಂಡರೆ ಇನ್ಸರ್ಟ್ ಬಿಚ್ಚಿ ಅಂಚು ನೋಡಬೇಕು. ಇದಕ್ಕೆ ದುಬಾರಿ ಉಪಕರಣ ಏನೂ ಬೇಡ. ಮೀಟರ್‌ನಲ್ಲಿ ಪ್ರೊಫೈಲ್ ಚಿತ್ರ ತೋರಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿದ್ದ ಮೀಟರ್‌ನಲ್ಲಿ ಆ ಸೌಲಭ್ಯ ಇತ್ತು, ಯಾರೂ ಆ ಪುಟಕ್ಕೆ ಹೋಗಿರಲಿಲ್ಲ.

ಪ್ರೋಸೆಸ್ ಶೀಟ್‌ನಲ್ಲಿ ಈಗ ಪ್ರತಿ ಟೂಲ್‌ನ ಪಕ್ಕ ‘ಯಾಕೆ’ ಅನ್ನುವ ಒಂದು ಕಾಲಂ ಇದೆ. 304ರ ಎದುರು ‘ಮೂಲೆ 0.6 ಮೀರಬಾರದು’ ಅಂತ. 308ರ ಎದುರು ‘ಆಳ 0.6ಕ್ಕಿಂತ ಇಳಿಸಬೇಡಿ’ ಅಂತ. ಆಪರೇಟರ್ ಅದರ ಕೆಳಗೆ ತಾವೇ ಇನ್ನೊಂದು ಸಾಲು ಸೇರಿಸಿದ್ದಾರೆ. 308ರ ಮೂಗಿನ ಹಿಂಬದಿಯ ಅಂಚಿನಲ್ಲಿ ಸಣ್ಣ ಕಚ್ಚು ಬೀಳಲು ಶುರುವಾದರೆ ಅದು ಪ್ರತಿ ಗೆರೆಯ ಮೇಲೂ ಅಚ್ಚಾಗುತ್ತದೆ, ಆರ್‌ಎ 1.4 ದಾಟುತ್ತದೆ. ಹಾಗಾಗಿ ಅವರು 1.6ರವರೆಗೆ ಕಾಯುವುದಿಲ್ಲ, 1.4 ಕಂಡ ತಕ್ಷಣ ಇನ್ಸರ್ಟ್ ತಿರುಗಿಸಿ ಹೊಸ ಮೂಗು ಹಾಕುತ್ತಾರೆ.